ಏಳನೇ ಬಾಟಲಿ

ಜನವರಿ 30, ಶುಕ್ರವಾರ

ಅಣ್ಣನಿಗೆ,

ಪೆಟ್ಟಿಗೆ ತೆರೆದ ಕೂಡಲೇ ಮೊದಲು ಈ ಕಾಗದ ಓದು, ಆಮೇಲೆ ಬಾಟಲಿ ಮುಟ್ಟು. ನೀನು ಓದದೆ ಮುಟ್ಟುವವನು ಎಂದು ಗೊತ್ತಿದ್ದೇ ಇದನ್ನು ಮುಚ್ಚಳಕ್ಕೆ ಅಂಟಿಸಿದ್ದೇನೆ.

ಕಂದು ಗಾಜಿನ ಬಾಟಲಿಗಳು ಎಂಟು. ಒಂದರಿಂದ ಏಳು ನಿಮ್ಮ ಊರಿನ ಏಳು ಮ್ಯಾನ್‌ಹೋಲುಗಳಿಗೆ. ಎಂಟನೆಯದರಲ್ಲಿ ಆಗಲೇ ಶುದ್ಧ ನೀರಿದೆ. ಅದನ್ನು ಮ್ಯಾನ್‌ಹೋಲಿನ ಪಕ್ಕ ಒಂದು ನಿಮಿಷ ಮುಚ್ಚಳ ತೆಗೆದಿಟ್ಟು, ಮತ್ತೆ ಮುಚ್ಚಿ ಹಾಗೇ ವಾಪಸ್ ಕಳಿಸು. ಅದಕ್ಕೆ ನಮ್ಮ ಲ್ಯಾಬಿನಲ್ಲಿ ಬ್ಲಾಂಕ್ ಅನ್ನುತ್ತೇವೆ. ಅದರಲ್ಲೂ ಹಾರ್ಮೋನು ಸಿಕ್ಕರೆ ತಪ್ಪು ಚರಂಡಿಯದಲ್ಲ, ನಿನ್ನ ಕೈಯದು ಎಂದು ಅರ್ಥ. ಹಾಗಾಗಿ ಕೈಗೆ ಯಾವ ಮುಲಾಮೂ ಹಚ್ಚಿರಬಾರದು, ಸಾಬೂನೂ ಬೇಡ.

ಇಷ್ಟೆಲ್ಲ ಯಾಕೆ ಎಂದು ಕೇಳುತ್ತೀಯ. ಚರಂಡಿ ನೀರು ಶುದ್ಧ ಮಾಡುವ ನಿಮ್ಮ ಪ್ಲಾಂಟಿನ ನೀರು ಹೊಳೆ ಸೇರುವ ಜಾಗದಿಂದ ಕೆಳಗೆ ಹಿಡಿದ ಗಂಡು ಮೀನುಗಳ ಹೊಟ್ಟೆಯಲ್ಲಿ ಮೊಟ್ಟೆ ಸಿಕ್ಕಿದೆ. ಒಂದೆರಡರಲ್ಲಲ್ಲ, ಹತ್ತರಲ್ಲಿ ನಾಲ್ಕರಲ್ಲಿ. ಜನರ ಮೈಯಿಂದ, ನುಂಗುವ ಮಾತ್ರೆಗಳಿಂದ ಹೆಣ್ಣು ಹಾರ್ಮೋನು ನೀರಿಗಿಳಿಯುತ್ತದೆ. ನೀನು ಎಷ್ಟೇ ಶುದ್ಧ ಮಾಡಿದರೂ ಸ್ವಲ್ಪ ಉಳಿಯುತ್ತದೆ. ಯಾವ ಬೀದಿಯಿಂದ ಎಷ್ಟು ಬರುತ್ತಿದೆ ಎಂದು ಹುಡುಕಬೇಕು.

ಏಳನೆಯದು ನಿಮ್ಮ ಹಳೇ ಕ್ವಾರ್ಟರ್ಸಿನ ಮುಂದಿನದು. ಅಲ್ಲಿ ಜನ ಇಲ್ಲ, ಏನೂ ಸಿಗಬಾರದು. ಅದಕ್ಕೇ ಅದು ಬೇಕು, ಹೋಲಿಸಿ ನೋಡಲು.

ನಿನ್ನ ಮಗಳು ಚೆನ್ನಾಗಿದ್ದಾಳೆ. ಭಾನುವಾರ ಹಾಸ್ಟೆಲಿನಿಂದ ಬಂದು ಹೊಟ್ಟೆ ತುಂಬ ಉಂಡು, ನನ್ನ ಹಾಸಿಗೆಯನ್ನೇ ಆಕ್ರಮಿಸಿ ಮಲಗಿ ಹೋದಳು.

ನಿನ್ನ,
ಗುಬ್ಬಿ

ಫೆಬ್ರವರಿ 2, ಸೋಮವಾರ

ಗುಬ್ಬಿಗೆ ಆಶೀರ್ವಾದ.

ಮೂವತ್ತು ವರ್ಷದಿಂದ ಊರಿನ ಕೊಳೆ ತೊಳೆಯುತ್ತಿದ್ದೇನೆ. ಕೈ ಹೇಗಿಟ್ಟುಕೊಳ್ಳಬೇಕೆಂದು ನನಗೆ ಪಾಠ ಹೇಳಿದವಳು ನೀನೇ ಮೊದಲು. ಇರಲಿ. ನೀನು ಹೇಳಿದ ಹಾಗೇ ಮಾಡಿದ್ದೇನೆ.

ಫೋನ್ ಮಾಡುತ್ತೇನೆ ಎಂದು ವ್ಯಾನಿನವನ ಹತ್ತಿರ ಹೇಳಿದ್ದೆಯಂತೆ. ದಯವಿಟ್ಟು ಮಾಡಬೇಡ. ಪಂಪ್‌ಹೌಸಿನ ಸದ್ದಿಗೆ ಒಂದು ಕಿವಿ ಪೂರ್ತಿ ಹೋಗಿದೆ, ಇನ್ನೊಂದು ನೆಪಕ್ಕಿದೆ. ಫೋನ್ ಹಿಡಿದರೆ ಗುಂಯ್ ಅನ್ನುವುದು ಬಿಟ್ಟು ಏನೂ ತಿಳಿಯದು. ಈ ವ್ಯಾನಿನವನು ವಾರವಾರ ಬಾಟಲಿ ಹೊರುತ್ತಾನಲ್ಲ, ಜೊತೆಗೆ ಒಂದು ಕಾಗದ ಹೊತ್ತರೆ ಅವನ ಬೆನ್ನೇನೂ ಮುರಿಯದು.

ಹಳೇ ಕ್ವಾರ್ಟರ್ಸ್ ಗೋಡೆ ಬಿರುಕುಬಿಟ್ಟು ನಾವೆಲ್ಲ ರಸ್ತೆಯಾಚೆಯ ಹೊಸ ಮನೆಗಳಿಗೆ ಬಂದು ಎರಡು ವರ್ಷವಾಯಿತು. ಆದರೂ ಏಳನೆಯದರಲ್ಲಿ ಸಣ್ಣಗೆ ನೀರು ಹರಿಯುತ್ತಿದೆ. ಮೇಲಿನ ಯಾವುದೋ ತೊಟ್ಟಿ ಸೋರುತ್ತಿರಬೇಕು. ವಾಲ್ವ್ ತುಕ್ಕು ಹಿಡಿದು ಕೂತಿದೆ, ನನ್ನ ಹಾಗೆ.

ಮಗಳು ಫಿಟ್ಸಿನ ಮಾತ್ರೆ ತಪ್ಪದೆ ನುಂಗುತ್ತಾಳಾ? ಒಂದು ದಿನ ತಪ್ಪಿದರೂ ಅವಳಿಗೆ ಆಗದು. ನನಗೆ ಅವಳು ಕಾಗದ ಬರೆಯುವುದು ಕಡಿಮೆ ಮಾಡಿದ್ದಾಳೆ. ಬರೆಯಲು ಹೇಳು.

ಅಣ್ಣ

ಫೆಬ್ರವರಿ 27, ಶುಕ್ರವಾರ

ಅಣ್ಣನಿಗೆ,

ಮೊದಲ ತಿಂಗಳ ಫಲಿತಾಂಶ ಬಂತು. ನಿನ್ನ ಕೈ ಶುದ್ಧವಾಗಿದೆ. ಬ್ಲಾಂಕಿನಲ್ಲಿ ಏನೂ ಇಲ್ಲ.

ಇಲ್ಲಿ ನಾನೇನು ಮಾಡುತ್ತೇನೆಂದು ಕೇಳಿದರೆ ನಗುತ್ತೀಯ. ಒಂದು ಲೀಟರ್ ನೀರನ್ನು ಸೋಸಿ, ಹೆಬ್ಬೆರಳಷ್ಟು ದಪ್ಪದ ಕೊಳವೆಯೊಂದರ ಮೂಲಕ ತೊಟ್ಟು ತೊಟ್ಟಾಗಿ ಇಳಿಸುತ್ತೇನೆ. ಅದರೊಳಗಿನ ಪುಡಿ ಹಾರ್ಮೋನನ್ನು ಹಿಡಿದಿಟ್ಟುಕೊಂಡು ನೀರನ್ನು ಬಿಡುತ್ತದೆ. ಆಮೇಲೆ ಮೆಥನಾಲ್ ಹಾಕಿ ಅದನ್ನು ಬಿಡಿಸಿಕೊಂಡು, ಸಾರಜನಕದ ಗಾಳಿ ಊದಿ ಒಣಗಿಸುತ್ತೇನೆ. ಕೊನೆಗೆ ಉಳಿಯುವುದು ಕಣ್ಣಿಗೆ ಕಾಣದಷ್ಟು. ಮೆಷಿನ್ ಅದನ್ನು ತೂಗುತ್ತದೆ. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗೆ ನ್ಯಾನೋಗ್ರಾಂ ಅನ್ನುತ್ತೇವೆ. ಅಷ್ಟು ಸಣ್ಣದನ್ನೂ ಅದು ಬಿಡುವುದಿಲ್ಲ.

ಒಂದರಿಂದ ಆರರವರೆಗೆ ಎಸ್ಟ್ರಿಯಾಲ್ ಎಂಬ ಹಾರ್ಮೋನು ಲೀಟರಿಗೆ ಇಪ್ಪತ್ತು, ಮೂವತ್ತು ನ್ಯಾನೋಗ್ರಾಂ ಇದೆ. ಊರಲ್ಲಿ ಜನ ಇದ್ದ ಮೇಲೆ ಇಷ್ಟು ಇರಲೇಬೇಕು. ಆದರೆ ಯಾರೂ ಇಲ್ಲದ ಏಳನೆಯದರಲ್ಲಿ ಮೊದಲ ವಾರ ಆರುನೂರು. ಎರಡನೇ ವಾರ ಏಳುನೂರು. ಮೂರನೇ ವಾರ ಎಂಟುನೂರ ಐವತ್ತು.

ಬಾಟಲಿ ಅದಲುಬದಲಾಗಿದೆ ಎಂದು ನಿನ್ನನ್ನು ಬಯ್ದುಕೊಂಡೆ. ಮತ್ತೆ ಅಳೆದೆ. ಅಷ್ಟೇ. ಆ ಕಟ್ಟಡಕ್ಕೆ ಯಾವುದಾದರೂ ಆಸ್ಪತ್ರೆಯ ಕೊಳವೆ ಸೇರುತ್ತದೆಯೇ? ನೋಡಿ ಹೇಳು.

ಮಗಳು ಮಾತ್ರೆ ತಪ್ಪಿಸುವುದಿಲ್ಲ. ಪರೀಕ್ಷೆಯ ಓದು, ಅದಕ್ಕೇ ಕಾಗದವಿಲ್ಲ. ನಾನು ನೋಡಿಕೊಳ್ಳುತ್ತಿದ್ದೇನಲ್ಲ.

ಗುಬ್ಬಿ

ಮಾರ್ಚ್ 2, ಸೋಮವಾರ

ಗುಬ್ಬಿಗೆ,

ಯಾವ ಆಸ್ಪತ್ರೆಯೂ ಸೇರುವುದಿಲ್ಲ. ಆ ಕೊಳವೆ ಹಾಕಿಸಿದವನು ನಾನೇ. ಕಟ್ಟಡದಿಂದ ನೇರ ಬಂದು ಏಳಕ್ಕೆ ಬೀಳುತ್ತದೆ, ನಡುವೆ ಏನೂ ಇಲ್ಲ.

ಇವತ್ತು ಒಂದು ವಿಷಯ ನಡೆಯಿತು. ರಸ್ತೆ ಗುಡಿಸುವ ಹೆಂಗಸು ಪೊರಕೆ ಹಿಡಿದು ನನ್ನ ಪಕ್ಕ ನಿಂತಳು. ನನಗೆ ಕೇಳಲೆಂದು ಕಿವಿಯ ಹತ್ತಿರ ಬಾಯಿಟ್ಟು, "ಯಜಮಾನ್ರೇ, ಒಳಗೆ ಯಾರೋ ನೀರು ಹುಯ್ಕೋತಾ ಇದ್ದಾರೆ. ಚೊಂಬು ಸದ್ದು ಕೇಳ್ತಾ ಇದೆ. ದಿನಾ ಬೆಳಿಗ್ಗೆ ಇದೇ ಹೊತ್ತಿಗೆ" ಅಂದಳು. "ನಿಂಗೆ ಭ್ರಮೆ" ಅಂದೆ. "ನಿಮಗೆ ಕಿವಿ ಇಲ್ಲ, ಅದಕ್ಕೆ ಧೈರ್ಯ" ಅಂದು ಪೊರಕೆ ಎತ್ತಿಕೊಂಡು ಹೊರಟೇಬಿಟ್ಟಳು.

ಅವಳು ಹೋದ ಮೇಲೆ ಗೋಡೆಗುಂಟ ಇಳಿದಿರುವ ಕೊಳವೆಯ ಮೇಲೆ ಅಂಗೈ ಇಟ್ಟೆ. ಕೇಳದವನಿಗೆ ಅಂಗೈಯೇ ಕಿವಿ. ಮೊದಲು ಸುಮ್ಮನಿತ್ತು. ಆಮೇಲೆ ನಡುಗಿತು. ನಿಂತಿತು. ಮತ್ತೆ ನಡುಗಿತು. ಸೋರುವ ತೊಟ್ಟಿ ಹೀಗೆ ಬಿಟ್ಟು ಬಿಟ್ಟು ನಡುಗುವುದಿಲ್ಲ, ಗುಬ್ಬಿ. ಅದು ಚೊಂಬಿನಲ್ಲಿ ಹೊಯ್ದುಕೊಳ್ಳುವ ನೀರು.

ತಲೆ ಎತ್ತಿ ನೋಡಲು ಮನಸ್ಸಾಗಲಿಲ್ಲ. ಯಾರೋ ಮೇಲಿಂದ ನನ್ನ ನೆತ್ತಿಯನ್ನೇ ನೋಡುತ್ತಿದ್ದಾರೆ ಅನ್ನಿಸಿತು.

ಅಣ್ಣ

ಮಾರ್ಚ್ 27, ಶುಕ್ರವಾರ

ಅಣ್ಣನಿಗೆ,

ಸಾವಿರದ ನೂರು. ಸಾವಿರದ ನಾನೂರು. ಸಾವಿರದ ಎಂಟುನೂರು. ಏಳನೆಯದು ವಾರವಾರ ಏರುತ್ತಿದೆ. ಗ್ರಾಫ್ ಹಾಕಿ ನೋಡಿದೆ, ಈ ಗೆರೆ ನಾನು ಪುಸ್ತಕದಲ್ಲಿ ನೋಡಿದ್ದು.

ಬಸುರಿ ಹೆಂಗಸಿನ ಮೈಯಲ್ಲಿ ಎಸ್ಟ್ರಿಯಾಲ್ ಏರುವುದು ಹೀಗೇ. ಮಾತ್ರೆಯಿಂದ ಬಂದದ್ದಾದರೆ ಒಂದೇ ಮಟ್ಟದಲ್ಲಿರುತ್ತದೆ. ಇದು ತಿಂಗಳು ತುಂಬುತ್ತಿರುವ ಹೊಟ್ಟೆ. ಈಗ ಐದು ತಿಂಗಳು ದಾಟಿರಬೇಕು.

ದೆವ್ವ ಎಂದು ನಿಮ್ಮ ಪೊರಕೆಯಮ್ಮ ಹೇಳುತ್ತಿರಬಹುದು. ದೆವ್ವ ಬಸುರಾಗುವುದಿಲ್ಲ. ಬಸುರಾದರೂ ಬಚ್ಚಲಿಗೆ ಹೋಗುವುದಿಲ್ಲ. ಅಲ್ಲಿ ಜೀವಂತ ಹೆಂಗಸೊಬ್ಬಳು ಅಡಗಿದ್ದಾಳೆ. ಯಾರಿಗೋ ಹೆದರಿ. ಕೀಲಿ ಇರುವುದು ನಿನ್ನ ಹತ್ತಿರ ಮಾತ್ರ. ನಿನಗೆ ಗೊತ್ತಿಲ್ಲದೆ ಒಳಗೆ ಹೋಗಲು ಅವಳೇನು ಇರುವೆಯೇ? ನೀನೇ ಯಾರನ್ನಾದರೂ ಇಟ್ಟಿದ್ದರೆ ನನ್ನ ಹತ್ತಿರ ಹೇಳು, ನಾನು ಬಾಯಿ ಬಿಡುವುದಿಲ್ಲ. ಇಲ್ಲದಿದ್ದರೆ ಬಾಗಿಲು ತೆಗೆದು ನೋಡು.

ಗುಬ್ಬಿ

ಮಾರ್ಚ್ 30, ಸೋಮವಾರ

ಗುಬ್ಬಿಗೆ,

ನೋಡಿದೆ. ಯಾರೂ ಇಲ್ಲ. ಇನ್ನು ಈ ಮಾತು ಬೇಡ.

ಅಣ್ಣ

ಏಪ್ರಿಲ್ 24, ಶುಕ್ರವಾರ

ಅಣ್ಣನಿಗೆ,

ಮೂರು ಸೋಮವಾರ ಬಾಟಲಿ ಬಂದವು, ಕಾಗದ ಬರಲಿಲ್ಲ. ಮುನಿಸು ಎಂದುಕೊಂಡೆ. ಈಗ ಫಲಿತಾಂಶ ನೋಡಿ ನನಗೇ ಸಿಟ್ಟು ಬಂದಿದೆ.

ನಾಲ್ಕು ವಾರದಿಂದ ಏಳನೆಯದು ಇಳಿದುಹೋಗಿದೆ. ಆರನೆಯದು ಇಪ್ಪತ್ತನಾಲ್ಕು, ಏಳನೆಯದೂ ಇಪ್ಪತ್ತನಾಲ್ಕು. ಆರು ಮೂವತ್ತೊಂದು, ಏಳೂ ಮೂವತ್ತೊಂದು. ಕಾಫಿಯ ಅಂಶ, ಸಾಬೂನಿನ ಅಂಶ, ಉಪ್ಪು, ಎಲ್ಲವೂ ಒಂದೇ. ಎರಡು ಮ್ಯಾನ್‌ಹೋಲಿನ ನೀರು ಹೀಗೆ ಅವಳಿಜವಳಿ ಆಗುವುದಿಲ್ಲ. ನೀನು ಆರರಲ್ಲೇ ಎರಡು ಬಾಟಲಿ ತುಂಬಿ, ಒಂದರ ಮೇಲೆ ಏಳು ಎಂದು ಬರೆದಿದ್ದೀಯ.

ಹದಿನೇಳು ವರ್ಷ ಈ ಕೆಲಸ ಮಾಡಿದ್ದೇನೆ. ಎಷ್ಟೋ ಜನ ಸುಳ್ಳು ಬಾಟಲಿ ಕಳಿಸಿದ್ದಾರೆ. ನನ್ನ ಅಣ್ಣ ಕಳಿಸುತ್ತಾನೆ ಅಂದುಕೊಂಡಿರಲಿಲ್ಲ. ಚಿಕ್ಕವಳಿದ್ದಾಗ ನಾನು ಸುಳ್ಳು ಹೇಳಿದರೆ ನೀನು ಇಡೀ ದಿನ ಮಾತು ಬಿಡುತ್ತಿದ್ದೆ. ಈಗ ನಾನೇನು ಮಾಡಲಿ?

ಗುಬ್ಬಿ

ಏಪ್ರಿಲ್ 27, ಸೋಮವಾರ

ಗುಬ್ಬಿಗೆ,

ಇವತ್ತಿನ ಏಳನೇ ಬಾಟಲಿ ಏಳನೆಯದೇ. ಮುಂದಿನ ವಾರದ್ದೂ ಹಾಗೇ. ತಪ್ಪಾಯಿತು.

ನಾನು ಬಾಗಿಲು ತೆಗೆದು ನೋಡಿಲ್ಲ. ನೀನು ಬಸುರಿ ಎಂದು ಬರೆದದ್ದನ್ನು ಓದಿದಾಗಲೇ ನನಗೆ ಯಾರೆಂದು ತಿಳಿಯಿತು. ನಕ್ಕರೆ ನಗು. ಅದು ನಿನ್ನ ಅತ್ತಿಗೆ.

ಹದಿನಾಲ್ಕು ವರ್ಷದ ಹಿಂದೆ ಅದೇ ಮನೆಯಲ್ಲಿ, ಎಂಟನೇ ತಿಂಗಳಲ್ಲಿ ಅವಳು ಬಿದ್ದಳು. ಎರಡು ಗಂಟೆ ನನ್ನನ್ನು ಕೂಗಿದಳಂತೆ. ಕೆಳಗೆ ಪಂಪ್‌ಹೌಸಿನಲ್ಲೇ ಇದ್ದೆ, ನನಗೆ ಕೇಳಲಿಲ್ಲ. ಪಕ್ಕದ ಮನೆಯವರು ಬಂದು ಭುಜ ಅಲುಗಿಸಿದಾಗ ತಡವಾಗಿತ್ತು. ಇಬ್ಬರೂ ಹೋದರು. ಇದನ್ನು ನಾನು ಯಾರ ಹತ್ತಿರವೂ ಪೂರ್ತಿ ಹೇಳಿಲ್ಲ.

ಈಗ ಬಂದಿದ್ದಾಳೆ. ಪೆಟ್ಟಿಗೆಯಲ್ಲಿದ್ದ ಅವಳ ನೀಲಿ ಶಾಲು ಕಾಣುತ್ತಿಲ್ಲ. ಮೊಳೆಗೆ ನೇತುಹಾಕಿದ್ದ ಹಳೇ ಮನೆಯ ಇನ್ನೊಂದು ಕೀಲಿ ಜನವರಿಯಿಂದಲೂ ಇಲ್ಲ. ನಿನ್ನ ಕಾಗದ ಓದಿದ ಮರುದಿನ ಒಂದು ಡಬ್ಬಿ ಅನ್ನ ತೆಗೆದುಕೊಂಡು ಹೋಗಿ ಮುಂದಿನ ಮೆಟ್ಟಿಲ ಮೇಲೆ ಇಟ್ಟು ಬಂದೆ. ಸಂಜೆ ಹೋದರೆ ಡಬ್ಬಿ ತೊಳೆದು ಬೋರಲು ಹಾಕಿತ್ತು, ಚಮಚ ಅದರಡಿ. ಅವಳು ಪಾತ್ರೆ ಇಡುತ್ತಿದ್ದುದೇ ಹಾಗೆ. ಅಂದಿನಿಂದ ದಿನವೂ ಇಡುತ್ತಿದ್ದೇನೆ, ಒಂದು ದಿನವೂ ತುಂಬಿದ ಡಬ್ಬಿ ವಾಪಸ್ ಬಂದಿಲ್ಲ.

ಮೇಲೆ ಹೋಗಿ ನೋಡಿದರೆ ಹೋಗಿಬಿಡುತ್ತಾಳೆ ಎಂದು ಭಯ. ನಿಮ್ಮ ಆಫೀಸಿನವರು ಬಂದು ಬೀಗ ಒಡೆದರೆ ಎಂದು ಭಯ. ಅದಕ್ಕೇ ಬಾಟಲಿ ಬದಲಿಸಿದೆ. ನನ್ನನ್ನು ಏನು ಬೇಕಾದರೂ ಅನ್ನು, ಅವಳನ್ನು ಎಬ್ಬಿಸಬೇಡ.

ಮಗಳಿಗೆ ಇದು ಗೊತ್ತಾಗುವುದು ಬೇಡ. ಮೊದಲೇ ತಾಯಿಯಿಲ್ಲದ ಮಗು.

ಅಣ್ಣ

ಮೇ 7, ಗುರುವಾರ, ಮಧ್ಯಾಹ್ನ

ಅಣ್ಣಾ,

ನಿಮ್ಮ ಆಫೀಸಿಗೆ ನಾಲ್ಕು ಸಲ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ವ್ಯಾನಿನವನು ಬೇರೆ ದಾರಿ ಬಿಟ್ಟು ನೇರ ನಿನ್ನ ಹತ್ತಿರ ಬರುತ್ತಾನೆ. ನಾನು ಹಿಂದೆಯೇ ಬಸ್ಸಿನಲ್ಲಿ ಬರುತ್ತೇನೆ. ನೀನು ನನಗಾಗಿ ಕಾಯಬೇಡ.

ಏಪ್ರಿಲ್ 27ರ ಏಳನೇ ಬಾಟಲಿ ಮೂರು ಸಾವಿರದ ನೂರು. ಮೇ 4ರದ್ದು ಸಾವಿರದ ನಾನೂರು. ಈ ಹಾರ್ಮೋನನ್ನು ತಾಯಿ ಒಬ್ಬಳೇ ಮಾಡುವುದಿಲ್ಲ, ಹೊಟ್ಟೆಯ ಮಗುವೂ ಸೇರಿ ಮಾಡುತ್ತದೆ. ಹೆರಿಗೆಯವರೆಗೂ ಅದು ಏರುತ್ತಲೇ ಇರಬೇಕು. ಹೀಗೆ ಅರ್ಧಕ್ಕರ್ಧ ಬಿದ್ದರೆ ಮಗು ಸೋಲುತ್ತಿದೆ ಎಂದು ಅರ್ಥ. ತಾಯಿಯೂ ಸೋಲುತ್ತಿರಬಹುದು.

ಅದೇ ಬಾಟಲಿಯಲ್ಲಿ ಇನ್ನೇನಿದೆ ಎಂದು ಹುಡುಕಿದೆ. ಫಿಟ್ಸಿನ ಮಾತ್ರೆಯ ಅಂಶ ಸಿಕ್ಕಿತು. ಉಳಿದ ಆರರಲ್ಲಿ ಎಲ್ಲೂ ಇಲ್ಲ. ಅತ್ತಿಗೆ ಬದುಕಿದ್ದಾಗಲೂ ಆ ಮಾತ್ರೆ ನುಂಗಿದವಳಲ್ಲ. ಯಾರು ನುಂಗುತ್ತಾರೆಂದು ನಿನಗೆ ಗೊತ್ತು.

ಅಣ್ಣಾ, ನಾನು ಜನವರಿಯಿಂದ ನಿನ್ನ ಮಗಳನ್ನು ನೋಡೇ ಇಲ್ಲ. ಆ ಭಾನುವಾರ, ಆ ಊಟ, ಪರೀಕ್ಷೆ, ಎಲ್ಲ ಸುಳ್ಳು. "ಅತ್ತೆ, ದೂರದ ಊರಲ್ಲಿ ಆರು ತಿಂಗಳ ಕೆಲಸ ಸಿಕ್ಕಿದೆ. ಅಪ್ಪ ಬಿಡಲ್ಲ. ನಾನೇ ಹೇಳೋವರೆಗೂ ಹಾಸ್ಟೆಲಲ್ಲೇ ಇದ್ದೀನಿ ಅನ್ನು" ಎಂದು ಕೈ ಹಿಡಿದುಕೊಂಡಳು. ನಾನು ಒಪ್ಪಿಕೊಂಡೆ. ಅವಳು ಕೊಟ್ಟ ವಿಳಾಸಕ್ಕೆ ಬರೆದ ಕಾಗದಗಳು ಒಂದೊಂದಾಗಿ ವಾಪಸ್ ಬಂದವು, ಆಗಲೂ ನಿನಗೆ ಹೇಳುವ ಧೈರ್ಯ ಬರಲಿಲ್ಲ. ನಿನ್ನ ಸುಳ್ಳು ಬಾಟಲಿಗೆ ಅಷ್ಟು ಬಯ್ದೆನಲ್ಲ, ಅದೇ ಕೈಯಲ್ಲಿ ನಾನೂ ಸುಳ್ಳು ಬರೆಯುತ್ತಿದ್ದೆ.

ಅವಳು ತವರಿಗೇ ಬಂದಿದ್ದಾಳೆ ಅಣ್ಣಾ. ಹೋಗು. ನೋಡಿದರೆ ಹೋಗಿಬಿಡುವವಳಲ್ಲ ಅವಳು, ನೋಡದಿದ್ದರೆ ಹೋಗುತ್ತಾಳೆ. ಈ ಕಾಗದ ಕೆಳಗಿಟ್ಟು ಮೆಟ್ಟಿಲು ಹತ್ತು.

ಗುಬ್ಬಿ

ಜೂನ್ 1, ಸೋಮವಾರ

ಗುಬ್ಬಿಗೆ,

ನೀನು ಇಲ್ಲಿದ್ದ ಅಷ್ಟು ದಿನವೂ ಬಾಯಿಬಿಟ್ಟು ಹೇಳಲಾಗದ್ದನ್ನು ಈಗ ಬರೆಯುತ್ತೇನೆ. 

ಅವತ್ತು ಸಂಜೆ ವ್ಯಾನಿನವನು ನನ್ನ ಮುಖದ ಮುಂದೆ ಕಾಗದ ಹಿಡಿದು, "ನೀವು ಓದೋವರೆಗೂ ಅಲ್ಲಾಡಬಾರದು ಅಂತ ಅಮ್ಮಾವ್ರು ಹೇಳಿದ್ದಾರೆ" ಅಂದ. ಓದಿದೆ. ಅವನ ತೋಳು ಹಿಡಿದುಕೊಂಡೇ ಮೆಟ್ಟಿಲು ಹತ್ತಿದೆ. ಬಾಗಿಲು ಒಳಗಿಂದ ಹಾಕಿತ್ತು. ಅವನು ಭುಜ ಕೊಟ್ಟು ಒಡೆದ.

ಅಡುಗೆಮನೆಯ ಕಿಟಕಿಯ ಕೆಳಗೆ ನೆಲದ ಮೇಲಿದ್ದಳು, ಅಮ್ಮನ ಶಾಲು ಹೊದ್ದು. ಕಾಲು ಊದಿ ಕಂಬವಾಗಿತ್ತು. ಬದುಕಿದ್ದಾಳೋ ಇಲ್ಲವೋ ತಿಳಿಯಲಿಲ್ಲ. ಎತ್ತಿಕೊಂಡಾಗ ಕಣ್ಣು ಬಿಟ್ಟು ನನ್ನ ಕಿವಿಗೇ ಬಾಯಿಟ್ಟು ಹೇಳಿದಳು: "ಕಾಲು ಊದಿದ ಮೇಲೆ ಎರಡು ಸೋಮವಾರ ಕೂಗಿದೆ ಅಪ್ಪಾ. ಇದೇ ಕಿಟಕಿಯಿಂದ. ನೀನು ಬಾಟಲಿ ತುಂಬಿಸ್ತಾನೇ ಇದ್ದೆ, ತಲೇನೇ ಎತ್ತಲಿಲ್ಲ."

ಎರಡನೇ ಸಲ, ಗುಬ್ಬಿ. ಅದೇ ಮನೆ, ಅದೇ ಕಿವಿ.

ಓದಲು ನಿನ್ನ ಊರಿಗೆ ಕಳಿಸುವಾಗ ನಾನು ಅವಳಿಗೆ, ತಲೆ ತಗ್ಗಿಸುವ ಕೆಲಸ ಮಾಡಿದರೆ ಈ ಮನೆ ಬಾಗಿಲು ಮುಚ್ಚಿತು ಅಂದುಕೋ ಎಂದಿದ್ದೆ. ಆಸ್ಪತ್ರೆಯಲ್ಲಿ ಅವಳಿಗೆ ಅದನ್ನು ನೆನಪಿಸಿ ಕಣ್ಣೀರಿಟ್ಟೆ. "ಹಳೇ ಮನೇದು ಅಂದಿರಲಿಲ್ಲವಲ್ಲ" ಅಂದಳು. ಮಗುವಿನ ಅಪ್ಪ ಯಾರೆಂದು ನಾನು ಕೇಳಿಲ್ಲ. ಅವಳಾಗಿ ಹೇಳಿದ ದಿನ ಕೇಳಿಸಿಕೊಳ್ಳುತ್ತೇನೆ. ಕೂಸು ನಿನ್ನೆ ಒಂದು ಕೆ.ಜಿ. ಆರುನೂರು ತೂಗಿತು. ಗಾಜಿನ ಪೆಟ್ಟಿಗೆಯಲ್ಲಿ ಮಲಗಿ ನಿನ್ನ ಹಾಗೇ ಹುಬ್ಬು ಗಂಟಿಕ್ಕುತ್ತದೆ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಇತ್ತು, ಈಗ ಇಲ್ಲ.

ಇನ್ನೊಂದು ಮಾತು. ಮೊನ್ನೆ ಮಗಳಿಗೆ, ಆ ಡಬ್ಬಿ ಅನ್ನವಾದರೂ ನಿನ್ನ ಹೊಟ್ಟೆಗೆ ಬಿತ್ತಲ್ಲ, ಅಷ್ಟೇ ಸಮಾಧಾನ ಅಂದೆ. "ಯಾವ ಡಬ್ಬಿ ಅಪ್ಪಾ?" ಅಂದಳು. ಕೀಲಿ ತೆಗೆದದ್ದು ಅವಳೇ, ಶಾಲೂ ಅವಳೇ. ಆದರೆ ಮುಂದಿನ ಮೆಟ್ಟಿಲ ಕಡೆಗೆ ಅವಳು ಇಳಿದೇ ಇಲ್ಲವಂತೆ. ಕಾಲು ಊದುವವರೆಗೂ, ನನ್ನ ಕಣ್ಣಿಗೆ ಬೀಳಬಾರದೆಂದು ಹಿಂದಿನ ಬಾಗಿಲಿಂದಲೇ ಹೋಗಿ ಅಂಗಡಿಯಿಂದ ಅಕ್ಕಿ ತಂದುಕೊಳ್ಳುತ್ತಿದ್ದಳಂತೆ.

ನಾಯಿಯೋ ಬೆಕ್ಕೋ ತಿಂದಿರಬೇಕು ಅಂದುಕೊಂಡೆ. ನಾಯಿ ಚಮಚ ತೊಳೆಯುತ್ತದೆಯೇ? ನಿನ್ನೆ ಮಧ್ಯಾಹ್ನ ಪರೀಕ್ಷಿಸಲೆಂದೇ ಮತ್ತೊಂದು ಡಬ್ಬಿ ಇಟ್ಟೆ. ಸಂಜೆ ಬೋರಲು ಹಾಕಿತ್ತು.

ಕಟ್ಟಡ ಖಾಲಿಯಾಗಿ ಮೂರು ವಾರ ದಾಟಿದೆ. ಮೂರೂ ಮಹಡಿ ನಾನೇ ಕೋಣೆ ಕೋಣೆ ನೋಡಿ ಬೀಗ ಹಾಕಿದ್ದೇನೆ. ಇವತ್ತಿನ ಏಳನೇ ಬಾಟಲಿ ಪೆಟ್ಟಿಗೆಯಲ್ಲಿದೆ. ಬೇಕಿದ್ದರೆ ಅಳೆ. ಬೇಡವಾದರೆ ಚೆಲ್ಲು.

ಅಣ್ಣ

ಜೂನ್ 12, ಶುಕ್ರವಾರ

ಅಣ್ಣನಿಗೆ,

ಕೂಸಿಗೆ ನನ್ನ ಹುಬ್ಬು ಬಂದಿದೆ ಎಂದು ಕೇಳಿ ಖುಷಿಯಾಯಿತು, ಪಾಪ ಎಂದೂ ಅನ್ನಿಸಿತು. ಹುಡುಗಿಗೆ ಹೇಳು, ಮುಂದಿನ ವಾರ ರಜೆ ಹಾಕಿ ಬರುತ್ತೇನೆ. ಈ ಸಲ ಅವಳು ನನ್ನ ಹಾಸಿಗೆ ಆಕ್ರಮಿಸುವ ಬದಲು ನಾನೇ ಅವಳದ್ದನ್ನು ಆಕ್ರಮಿಸುತ್ತೇನೆ.

ಏಳನೇ ಬಾಟಲಿ ಚೆಲ್ಲಲಿಲ್ಲ. ಮೂರು ಸಲ ಅಳೆದೆ. ಬ್ಲಾಂಕ್ ಶುದ್ಧವಾಗಿದೆ, ಮೆಷಿನ್ ಸರಿಯಾಗಿದೆ. ಫಿಟ್ಸಿನ ಮಾತ್ರೆಯ ಅಂಶ ಈಗ ಇಲ್ಲ. ಎಸ್ಟ್ರಿಯಾಲ್ ಇದೆ. ನಾಲ್ಕು ಸಾವಿರದ ಹತ್ತಿರ. ಎಂಟನೇ ತಿಂಗಳಿಗೆ ಇರಬೇಕಾದಷ್ಟು.

ಕೊಳವೆಯ ಒಳಗೋಡೆಗೆ ಕಟ್ಟಿದ ಲೋಳೆಯಲ್ಲಿ ಹಾರ್ಮೋನು ಕೆಲವು ವಾರ ಅಂಟಿಕೊಂಡಿದ್ದು ನಿಧಾನಕ್ಕೆ ಬಿಡುವುದುಂಟು. ರಿಪೋರ್ಟಿನಲ್ಲಿ ಹಾಗೆಂದು ಬರೆದು ಸಹಿ ಹಾಕಿದ್ದೇನೆ. ಮುಂದಿನ ತಿಂಗಳಿಂದ ಏಳನೆಯದನ್ನು ಪಟ್ಟಿಯಿಂದ ತೆಗೆಸಿದ್ದೇನೆ. ಇನ್ನು ಆ ಬಾಟಲಿ ಕಳಿಸಬೇಡ.

ಡಬ್ಬಿ ಇಡುವುದನ್ನು ಮಾತ್ರ ನಿಲ್ಲಿಸಬೇಡ ಅಣ್ಣಾ. ಇಬ್ಬರಿಗೆ ಆಗುವಷ್ಟು ಇಡು.

ಗುಬ್ಬಿ